ಎರಡು ಮಗ್ಗಗಳ ನಡುವೆ ಡ್ರಮ್ ಸೆಟ್ಟು

ಕಂಪ್ಯೂಟರಿನ ಪರದೆಯ ಮೇಲೆ ನನ್ನ ಏಟುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಪ್ರೊಡ್ಯೂಸರ್ ಪೆನ್ನಿನ ತುದಿಯಲ್ಲಿ ಒಂದೊಂದನ್ನೇ ತೋರಿಸಿದ. ನೆಟ್ಟಗೆ ನಿಂತ ಗೆರೆಗಳು ತಾಳದವು. ಗೆರೆಯ ಪಕ್ಕದಲ್ಲಿ ಉಬ್ಬಿಕೊಂಡಿದ್ದೆಲ್ಲ ನನ್ನ ಸ್ನೇರ್ ಡ್ರಮ್ಮಿನ ಏಟು. ಒಂದೇ ಒಂದು ಏಟೂ ಗೆರೆಯ ಮೇಲೆ ಕೂತಿರಲಿಲ್ಲ. ಎಲ್ಲವೂ ಕೂದಲೆಳೆಯಷ್ಟು ಬಲಕ್ಕಿದ್ದವು.

"ಒಂದೋ ಎರಡೋ ಆಗಿದ್ರೆ ಎಳೆದು ಸರಿ ಮಾಡ್ಬಹುದಿತ್ತು. ನಿಮ್ಮ ಡ್ರಮ್ಮರ್ ಪೂರ್ತಿ ಲೇಟು," ಅಂದ.

ನಾನು ಅವನಿಂದ ಮಾರು ದೂರದಲ್ಲಿ ಕೂತಿದ್ದೆ. ಮಾತು ಮಾತ್ರ ನಮ್ಮ ಹಾಡುವವನ ಕಡೆಗೆ. ರಿಪೇರಿಗೆ ತಂದ ಮಿಕ್ಸಿಯ ಮುಂದೆಯೇ ಮಿಕ್ಸಿಯ ದೋಷ ಹೇಳುವ ಹಾಗೆ ಹೇಳಿದ. ಮೈಯೆಲ್ಲ ಉರಿಯಿತು. ಆದರೆ ಬೆಂಗಳೂರಿನ ಆ ಎ.ಸಿ. ಕೋಣೆಯಲ್ಲಿ ನಾನು ಹಲ್ಲು ಕಚ್ಚಿಕೊಂಡು ಸುಮ್ಮನಿದ್ದೆ, ಯಾಕೆಂದರೆ ಪರದೆಯ ಮೇಲಿದ್ದದ್ದು ಸುಳ್ಳಲ್ಲ.

ಬ್ಯಾಂಡಿನಲ್ಲಿ ನಾವು ಮೂರು ಜನ. ಹಾಡುವವನೇ ಗಿಟಾರ್ ನುಡಿಸುತ್ತಿದ್ದ. ಬಿಡದಿಯ ಕಾರ್ಖಾನೆಗಳಿಗೆ ಊರೂರಿನಿಂದ ಜನರನ್ನು ತುಂಬಿಕೊಂಡು ಹೋಗುವ ಕಂಪನಿ ಬಸ್ಸಿನ ಡ್ರೈವರ್ ಅವನು. ಬೇಸ್ ಗಿಟಾರಿನವನು ನನ್ನ ಜೊತೆ ಐಟಿಐ ಓದಿದವನು, ಬಿಡದಿಯಲ್ಲೇ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವರಿಬ್ಬರೂ ಮಾಗಡಿಯವರು. ನಾನು ಪಕ್ಕದ ಕಲ್ಯದವನು, ಪ್ಲಾಸ್ಟಿಕ್ ಅಚ್ಚಿನ ಫ್ಯಾಕ್ಟರಿಯಲ್ಲಿದ್ದೆ. ಮಾಗಡಿಯ ರಾಕ್ ಬ್ಯಾಂಡ್ ಅಂದರೆ ಜನ ಮೊದಲು ನಗುತ್ತಿದ್ದರು, ಆಮೇಲೆ "ಆರ್ಕೆಸ್ಟ್ರಾನಾ?" ಅನ್ನುತ್ತಿದ್ದರು.

ನಮ್ಮ ಮೊದಲ ಆಲ್ಬಂ ಯಾರೂ ಕೇಳಲಿಲ್ಲ. ಕೇಳದೆ ಒಳ್ಳೆಯದೇ ಮಾಡಿದರು. ಹೊರದೇಶದ ಬ್ಯಾಂಡುಗಳ ಗಿಟಾರು, ಅವರದೇ ಕಿರುಚಾಟ, ಅದರ ಮೇಲೆ ನಾವ್ಯಾರೂ ಮನೆಯಲ್ಲಿ ಆಡದ ಪುಸ್ತಕದ ಕನ್ನಡ. ಎರಡನೆಯದಕ್ಕೆ ಈ ಪ್ರೊಡ್ಯೂಸರ್ ಸಿಕ್ಕಿದ. ಅವನ ಷರತ್ತು ಒಂದೇ. ಆಲ್ಬಂನ ಮೊದಲ ಹಾಡು ಮಾಡಿ ತೋರಿಸಿ. ಅದು ಬೇರೆ ಥರ ಕೇಳಿಸಿದರೆ ಮಿಕ್ಕಿದ್ದನ್ನು ಮಾಡೋಣ, ಇಲ್ಲದಿದ್ದರೆ ನಮಸ್ಕಾರ. ಹಾಡುವವನು ಬಸ್ಸು ಓಡಿಸುತ್ತಲೇ ಒಂದು ಹಾಡು ಕಟ್ಟಿದ್ದ, ಕಂಪನಿಗೆ ಹೊಲ ಕೊಟ್ಟು ಅದೇ ಕಂಪನಿಗೆ ಕೂಲಿಗೆ ಹೋಗುವವರ ಬಗ್ಗೆ, ನಾವು ಮಾತಾಡುವ ಮಾತಿನಲ್ಲೇ:

"ನಮ್ಮ ಹೊಲ ಎಲ್ಲೈತಪ್ಪಾ? ಆ ಗೇಟಿನ ಒಳಗೈತೆ. ಒಳಕ್ಕೆ ಬುಡ್ರಪ್ಪಾ ನಮ್ನ, ಕತ್ತಲ್ಲಿ ಕಾರ್ಡೈತೆ."

ಈ ಎರಡು ಸಾಲಿಗೆ ನಾವು ಮೂವರೂ ಬಿದ್ದುಹೋಗಿದ್ದೆವು. ನಮ್ಮದು ಅನ್ನಿಸಿದ ಮೊದಲ ಹಾಡು ಅದು. ಅದರಲ್ಲಿ ನಾನು ಮಾತ್ರ ಲೇಟಂತೆ.

ಕಿವಿಗೆ ಹೆಡ್‌ಫೋನ್ ಹಾಕಿ 'ಟಿಕ್ ಟಿಕ್' ಅನ್ನುವ ಕ್ಲಿಕ್ ಕೊಟ್ಟು, ಅದರ ಮೇಲೆ ಸರಿಯಾಗಿ ಹೊಡೆಯಲು ಹೇಳಿದರು. ಹೊಡೆದೆ. ಮನೆಯಲ್ಲೂ ಅಭ್ಯಾಸ ಮಾಡಿದೆ, ಊಟದ ತಟ್ಟೆಯ ಅಂಚಿನ ಮೇಲೂ ಮಾಡಿದೆ, ಅಮ್ಮ ಬೈದರೂ ಬಿಡಲಿಲ್ಲ. ಕೊನೆಗೆ ಏಟುಗಳು ಗೆರೆಯ ಮೇಲೆ ಬಂದು ಕೂತವು, ಆದರೆ ಹಾಡು ಸತ್ತು ಮಲಗಿತು. ಹಾಡುವವನಿಗೆ ಎಲ್ಲಿ ಬಾಯಿ ತೆಗೆಯಬೇಕು ಅನ್ನುವುದೇ ತಿಳಿಯದಂತಾಯಿತು. "ಏನೋ ನೂಕ್ದಂಗಾಯ್ತದೆ ಕಣ್ಲಾ. ಮಾತು ಮುಗ್ಸಕ್ಕೂ ಬುಡ್ದೆ ಬಾಗ್ಲು ಹಾಕ್ಕೊಂಡಂಗೆ," ಅಂದ. ಕೈ ಸಡಿಲ ಬಿಟ್ಟರೆ ನಾನು ಮತ್ತೆ ಬಲಕ್ಕೆ ಜಾರುತ್ತಿದ್ದೆ. ಪ್ರೊಡ್ಯೂಸರ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಹಣೆ ಉಜ್ಜಿಕೊಳ್ಳುತ್ತಿದ್ದ.

ಅದೇ ದಿನಗಳಲ್ಲಿ ನನ್ನ ಫ್ಯಾಕ್ಟರಿಗೆ ಕಬ್ಬಿಣದ ಒಂದು ಕೈ ಬಂತು. ಅಚ್ಚು ಬಾಯಿ ತೆರೆದ ಕೂಡಲೇ ಬಿಸಿ ಪೀಸನ್ನು ತೆಗೆದು ಪಕ್ಕಕ್ಕಿಡುವುದು ಅಲ್ಲಿಯವರೆಗೆ ನನ್ನ ಕೆಲಸವಾಗಿತ್ತು. ಆ ಕೈಗೆ ಬೆವರಿಲ್ಲ, ಮೂತ್ರಕ್ಕೆ ಹೋಗಬೇಕಾಗಿಲ್ಲ. ನನ್ನನ್ನು ಪ್ಯಾಕಿಂಗಿಗೆ ಹಾಕಿದರು. "ನಿಮ್ಮನ್ನ ಯಾರೂ ತೆಗೆದಿಲ್ಲವಲ್ಲ," ಅಂದ ಸೂಪರ್‌ವೈಸರ್, ಉಪಕಾರ ಮಾಡಿದವನ ಮುಖದಲ್ಲಿ. ನಾನು ರಟ್ಟಿನ ಡಬ್ಬಗಳಿಗೆ ಟೇಪು ಅಂಟಿಸುತ್ತಾ ಇಡೀ ಶಿಫ್ಟು ಅವನನ್ನು ಮನಸ್ಸಿನಲ್ಲೇ ಬೈದೆ.

ಮುಂದಿನ ಸಲ ಸ್ಟುಡಿಯೋಗೆ ಹೋದಾಗ ಪ್ರೊಡ್ಯೂಸರ್ ನಮ್ಮ ಹಾಡು ತೆರೆಯಲು ಹೋಗಿ ಬೇರೆ ಏನನ್ನೋ ಒತ್ತಿದ. ಸ್ಪೀಕರಿನಿಂದ ನಮ್ಮದೇ ಹಾಡು ಬಂತು. ನಮ್ಮ ಬೇಸು, ಕೆಳಗೆ ಮಿಷಿನ್ ಡ್ರಮ್ಮು. ಒಂದು ಏಟೂ ತಪ್ಪಿಲ್ಲ, ತೊಳೆದಿಟ್ಟ ಪಾತ್ರೆಯ ಹಾಗೆ ಸ್ವಚ್ಛ. ನಾನು ಬೇಸಿನವನ ಕಡೆ ನೋಡಿದೆ. ಅವನು ಕಾಲಡಿಯ ಕೇಬಲ್ ನೋಡುತ್ತಿದ್ದ.

"ಹೋದ ವಾರದ ರಜೆಲಿ ಬಂದು ನುಡ್ಸಿದ್ದೆ," ಅಂದ.

ಮಾಗಡಿ ಬಸ್ಸು ಹತ್ತಿ ಕೂತ ಮೇಲೆ ಬಾಯಿಗೆ ಬಂದಂತೆ ಬೈದೆ. ಮುಂದಿನ ಸೀಟಿನ ಹೆಂಗಸೊಬ್ಬರು ತಿರುಗಿ ನೋಡಿದರು, ಆಮೇಲೆ ಮಗುವಿನ ಕಿವಿ ಮುಚ್ಚಿದರು.

"ಆಲ್ಬಂ ನಿಂತೋಗ್ಬಾರ್ದು ಅಂತ ಮಾಡ್ದೆ ಕಣ್ಲಾ. ನಿನ್ನ ತೆಗ್ಯಕ್ಕಲ್ಲ," ಅಂದ ಅವನು.

"ನನ್ನ ಜಾಗಕ್ಕೆ ಮಿಷಿನ್ ಕೂರ್ಸ್ಬುಟ್ಟು, ತೆಗ್ಯಕ್ಕಲ್ಲ ಅಂತೀಯಾ?"

"ಸ್ಟೇಜ್ ಮ್ಯಾಲೆ ನೀನೇ ಹೊಡಿ. ರೆಕಾರ್ಡಲ್ಲಿ ಮಾತ್ರ ಒಸಿ..."

"ನಮ್ಮ ಕಂಪ್ನೀಲೂ ಇದನ್ನೇ ಅಂದ್ರು. ಇಲ್ಲೂ ಪ್ಯಾಕಿಂಗ್ ಐತೇನ್ಲಾ? ಇದ್ರೆ ಹೇಳು, ಸಿ.ಡಿ.ಗೆ ಡಬ್ಬ ಕಟ್ತೀನಿ."

ಹಾಡುವವನು ಇಬ್ಬರ ನಡುವೆ ಕೂತು ಕಿಟಕಿಯಾಚೆ ನೋಡಿದ. ಅವನು ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ ಅನ್ನುವುದು ಆಗ ಇನ್ನೂ ಹೆಚ್ಚು ಚುಚ್ಚಿತು. ತಾವರೆಕೆರೆ ದಾಟುವಷ್ಟರಲ್ಲಿ ಮೂವರೂ ಗಂಟುಮುಖ ಹಾಕಿಕೊಂಡು ಕೂತಿದ್ದೆವು.

ಬ್ಯಾಂಡ್ ಬಿಡುತ್ತೇನೆ ಅಂತ ತೀರ್ಮಾನಿಸಿ ಭಾನುವಾರ ನನ್ನ ಡ್ರಮ್ ಸೆಟ್ಟು ತರಲು ಶೆಡ್ಡಿಗೆ ಹೋದೆ. ಹಾಡುವವನ ಅಕ್ಕ ಅವರ ಮನೆಯ ಹಿಂದೆ ಪವರ್‌ಲೂಮ್ ಶೆಡ್ಡು ನಡೆಸುತ್ತಿದ್ದರು. ರೇಷ್ಮೆ ಸೀರೆ ನೇಯುವ ಎರಡು ಮಗ್ಗ, ಎರಡಕ್ಕೂ ಬೇರೆ ಬೇರೆ ಮೋಟಾರು. ನೂಲಿನ ಮೂಟೆ ಇಡುವ ಮೂಲೆಯನ್ನು ಖಾಲಿ ಮಾಡಿ ನಮಗೆ ಕೊಟ್ಟಿದ್ದವರು ಅವರೇ. "ಬಡ್ಕೊಳ್ರಪ್ಪಾ, ಮಗ್ಗದ ಸದ್ದಲ್ಲಿ ನಿಮ್ಮ ಸದ್ದು ಯಾರಿಗೆ ಕೇಳ್ತದೆ," ಅಂದಿದ್ದರು. ನಿಜ, ಊರಿನಲ್ಲಿ ಬೇರೆ ಯಾರೂ ನಮ್ಮನ್ನು ಸಹಿಸುತ್ತಿರಲಿಲ್ಲ. ನಾನು ಡ್ರಮ್ ಕಲಿತದ್ದೇ ಅಲ್ಲಿ, ವರ್ಷಗಟ್ಟಲೆ, ಗೋಡೆ ಪಕ್ಕದ ಹಳೇ ಮಗ್ಗಕ್ಕೆ ಬೆನ್ನು ಕೊಟ್ಟು.

"ಎಲ್ಲಿಗಪ್ಪಾ ಹೊತ್ಕೊಂಡು ಹೊಂಟಿದ್ದೀಯ?" ಅಂದರು ಅಕ್ಕ, ಮಗ್ಗದಿಂದ ಕಣ್ಣು ತೆಗೆಯದೆ.

"ಮನೆಗೆ ಕಣಕ್ಕ. ನನ್ನ ಅಗತ್ಯ ಇಲ್ವಂತೆ."

ನಾನು ತಾಳದ ತಟ್ಟೆಗಳನ್ನು ಬಿಚ್ಚಿ ಚೀಲಕ್ಕೆ ಹಾಕಿದೆ, ಟಾಮ್‌ಗಳನ್ನು ಕೆಳಗಿಳಿಸಿದೆ. ಸ್ನೇರು ಮತ್ತು ಕಾಲಿನಿಂದ ಹೊಡೆಯುವ ಕಿಕ್ ಡ್ರಮ್ಮು ಉಳಿದಿದ್ದವು. ಹೋಗುವ ಮೊದಲು ಒಂದು ಸಲ ಮನಸ್ಸಿನ ಸಿಟ್ಟೆಲ್ಲ ತೀರುವ ಹಾಗೆ ಬಡಿಯೋಣ ಅಂತ ಕೂತೆ. ಕಂಪನಿ ಬಸ್ಸಿನಲ್ಲಿ ಕಟ್ಟಿದ ಆ ಹಾಡನ್ನೇ ಹೊಡೆದೆ. ವಾರಗಳಿಂದ ಬಿಗಿದುಕೊಂಡಿದ್ದ ಕೈ ತಾನಾಗಿ ಸಡಿಲವಾಯಿತು. ಯಾವುದನ್ನೂ ಲೆಕ್ಕ ಹಾಕಬೇಕಾಗಿರಲಿಲ್ಲ.

ಆಗ ಕರೆಂಟು ಹೋಯಿತು. ಮಗ್ಗಗಳು ಏದುಸಿರು ಬಿಟ್ಟು ನಿಂತವು. ಸಿಟ್ಟಿನಲ್ಲಿದ್ದ ನಾನು ನಿಲ್ಲಿಸದೆ ಹೊಡೆಯುತ್ತಲೇ ಇದ್ದೆ. ನಾಲ್ಕು ಏಟಿಗೇ ತಡವರಿಸಿದೆ. ಮೆಟ್ಟಿಲಿಳಿಯುವಾಗ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟ ಹಾಗಾಯಿತು. ಪ್ರತಿ ಏಟಿಗೂ ಮುಂಚೆ ಒಂದು ತೂತು. ನನ್ನ ಕೈ ಯಾವುದಕ್ಕೋ ಕಾಯುತ್ತಿತ್ತು, ಅದು ಬರುತ್ತಿರಲಿಲ್ಲ.

ಕೋಲು ಹಿಡಿದು ಹಾಗೇ ಕೂತೆ. ಕರೆಂಟು ಬಂದ ಮೇಲೆ ಹಳೇ ಮಗ್ಗವೊಂದನ್ನೇ ಓಡಿಸಲು ಅಕ್ಕನಿಗೆ ಹೇಳಿದೆ. ನೂಲು ಹೊತ್ತ ಲಾಳಿ ಈ ಕಡೆಯಿಂದ ಆ ಕಡೆಗೆ ಹಾರುವಾಗ 'ಖಟಕ್' ಅನ್ನುತ್ತದೆ. ಆ ಖಟಕ್ ಮೇಲೇ ಸರಿಯಾಗಿ ಹೊಡೆದು ನೋಡಿದೆ. ನನ್ನ ಏಟು ನನಗೇ ಕೇಳಿಸಲಿಲ್ಲ, ಮಗ್ಗ ನುಂಗಿಬಿಟ್ಟಿತು. ಚೂರು ತಡೆದು ಹೊಡೆದೆ, ಸ್ಪಷ್ಟವಾಗಿ ಕೇಳಿಸಿತು. ಕಲಿಯುವಾಗ ನನ್ನ ಸದ್ದು ನನಗೆ ಕೇಳಿಸಲಿ ಅಂತ ಮಗ್ಗದ ಏಟಿನ ಹಿಂದೆ ಹಿಂದೆ ಹೊಡೆಯುವುದನ್ನು ಕೈ ರೂಢಿ ಮಾಡಿಕೊಂಡಿತ್ತು. ಮಗ್ಗವನ್ನು ತೆಗೆದು ನನ್ನೊಬ್ಬನನ್ನೇ ಬೆಂಗಳೂರಿನ ಗಪ್‌ಚಿಪ್ ಕೋಣೆಯಲ್ಲಿ ಕೂರಿಸಿ ಲೇಟು ಅಂದಿದ್ದರು. ಅರ್ಧ ಹಾಡನ್ನು ಮಾಗಡಿಯಲ್ಲೇ ಬಿಟ್ಟು ಹೋಗಿದ್ದೆವು, ನಮಗೇ ಗೊತ್ತಿಲ್ಲದೆ.

ಸಮಾಧಾನವಾಗಬೇಕಿತ್ತು. ಬದಲಿಗೆ ಸಿಟ್ಟು ಇನ್ನೂ ಏರಿತು, ಆದರೆ ಈಗ ಅದಕ್ಕೆ ಮಾಡಲು ಒಂದು ಕೆಲಸವಿತ್ತು.

ಮಧ್ಯಾಹ್ನ ಹಾಡುವವನು ಬಸ್ಸು ನಿಲ್ಲಿಸಿ ಊಟಕ್ಕೆ ಬಂದ. ತೋರಿಸಿದೆ. ಕೈ ತೊಳೆಯಲು ಹೋದವನು ಹಾಗೇ ಗಿಟಾರ್ ಹಿಡಿದು ನಿಂತ. ಮಗ್ಗದ ಜೊತೆ ಎರಡು ಸಾಲು ಹಾಡಿ, "ಥೂ, ಇಲ್ಲೇ ಇತ್ತಲ್ಲಲೇ," ಅಂದ. ಬೇಸಿನವನಿಗೆ ಅವನೇ ಹೇಳಿ ಕಳಿಸಿದ. ಬೇಸಿನವನು ಬಂದ, ನನ್ನ ಮುಖ ನೋಡದೆ ತಂತಿ ಕೂಡಿಸಿದ, ನುಡಿಸಿದ. ಅವನೂ ನನ್ನಷ್ಟೇ ಹಿಂದಿದ್ದ.

"ಆ ಮಿಷಿನ್ ಜೊತೆ ಕೂರಕ್ಕೆ ಎಷ್ಟು ಒದ್ದಾಡಿದ್ದೆ ಗೊತ್ತಾ? ಬೆರಳು ನನ್ನ ಮಾತೇ ಕೇಳ್ತಿರ್ಲಿಲ್ಲ," ಅಂದ ಗೋಡೆಯ ಕಡೆ ತಿರುಗಿ.

"ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?" ಅಂದೆ. ಅವನು ಬೇಸಿನ ತಂತಿ ಬಿಗಿಯತೊಡಗಿದ. ನಾನು ಕ್ಷಮಿಸುವ ಮನಸ್ಸಿನಲ್ಲಿರಲಿಲ್ಲ.

ಮಗ್ಗವನ್ನು ಹಾಡಿನೊಳಕ್ಕೆ ತರುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಅದುವರೆಗೆ ಅದು ನಮ್ಮ ಬೆನ್ನ ಹಿಂದಿನ ಸದ್ದು. ಈಗ ಅದಕ್ಕೆ ಜಾಗ ಬಿಡಬೇಕಿತ್ತು. ನೆಲ ಅದುರಿಸುವ ಗುಡುಗು ಪೂರ್ತಿ ಮಗ್ಗದ್ದು. ಅಲ್ಲಿ ಬೇಸ್ ಗಿಟಾರು ಇದ್ದೂ ಇಲ್ಲದಂತೆ. ಹಾಗಾಗಿ ಬೇಸಿನವನು ದಪ್ಪ ತಂತಿಗಳನ್ನು ಬಿಟ್ಟು ಗಿಟಾರಿನ ಕತ್ತಿನ ಕೊನೆಗೆ ಹೋಗಿ ಸಣ್ಣ ತಂತಿಯ ಮೇಲೆ ರಾಗ ಎಳೆಯತೊಡಗಿದ. ಗಿಟಾರು ಮೇಲಿಂದ ಕೆಳಗಿಳಿದು ಮೊಳೆ ಹೊಡೆಯುವ ಹಾಗೆ ಗಿಡ್ಡ ಗಿಡ್ಡ ಏಟು ಕೊಡತೊಡಗಿತು. ಕಿರುಚಿದರೆ ಲಾಳಿಯ ಸದ್ದಿನ ಜೊತೆ ಜಗಳಕ್ಕೆ ಬೀಳುತ್ತಿತ್ತು. ಹಾಡುವವನು ಕಿರುಚುವುದನ್ನು ಬಿಟ್ಟು ಬಸ್ಸಿನ ಬಾಗಿಲಲ್ಲಿ ನಿಂತವನಿಗೆ ಹೇಳುವ ಹಾಗೆ ಸಂದಿಯಲ್ಲಿ ಮಾತು ತೂರಿಸಿದ. ಮೊದಲ ಆಲ್ಬಂನಲ್ಲಿ ಮೇಲಿದ್ದದ್ದೆಲ್ಲ ಕೆಳಗೆ ಬಂತು, ಕೆಳಗಿದ್ದದ್ದು ಮೇಲೆ ಹೋಯಿತು. ಯಾರ ಬ್ಯಾಂಡಿನ ಹಾಗೂ ಕೇಳಿಸುತ್ತಿರಲಿಲ್ಲ.

ಎರಡು ಮಗ್ಗ ಒಟ್ಟಿಗೆ ಓಡಿಸಿದಾಗ ಇನ್ನೊಂದು ತಕರಾರು. ಹಳೇದರ ಬೆಲ್ಟು ಚೂರು ಜಾರುತ್ತಿತ್ತು, ಹಾಗಾಗಿ ಅದು ಹೊಸದಕ್ಕಿಂತ ಒಂದಿಷ್ಟು ನಿಧಾನ. ಶುರುವಿನಲ್ಲಿ ಎರಡರ ಏಟೂ ಕೂಡಿರುತ್ತವೆ, ಮೆಲ್ಲಗೆ ಬೇರೆಯಾಗುತ್ತವೆ, ಒಂದು ಹಂತದಲ್ಲಿ ಎದುರುಬದುರಾಗಿ ಕಚ್ಚಾಡುತ್ತವೆ, ಆಮೇಲೆ ಮತ್ತೆ ಕೂಡುತ್ತವೆ. ಮೊದಮೊದಲು ನಮಗೆ ತಲೆ ಕೆಟ್ಟು ಹೋಯಿತು. ಒಂದು ದಿನ ಹಾಡುವವನು ಸೋತು ಸುಮ್ಮನೆ ನಿಂತಿದ್ದಾಗ ಎರಡೂ ಕೂಡಿ ಇಡೀ ಶೆಡ್ಡು 'ಧಡ್' ಅಂದಿತು, ಅವನ ಬಾಯಿಂದ "ನಮ್ಮ ಹೊಲ ಎಲ್ಲೈತಪ್ಪಾ" ತಾನಾಗಿ ಬಂತು. ಅಲ್ಲಿಂದ ಅದೇ ನಿಯಮವಾಯಿತು. ಮಗ್ಗಗಳು ಕೂಡಿದಾಗ ಮಾತ್ರ ಪಲ್ಲವಿ. ಅವು ಅಗಲಿದ್ದಾಗ ಬೇಸು ಒಂದೇ ನಡೆಯಬೇಕು. ಎಷ್ಟು ಹೊತ್ತು ಅಂತ ನಾವು ತೀರ್ಮಾನಿಸುವಂತಿಲ್ಲ, ಕಾಯಬೇಕು. ನಾನು ಮಾತ್ರ ಕೊನೆಯವರೆಗೂ ಹಳೇ ಮಗ್ಗದ ಬೆನ್ನು ಬಿಡುವಂತಿರಲಿಲ್ಲ.

ಹಾಡು ಎಲ್ಲಿ ಮುಗಿಯಬೇಕು ಅನ್ನುವುದೂ ನಮ್ಮ ಕೈಯಲ್ಲಿರಲಿಲ್ಲ. ಲಾಳಿಯೊಳಗೆ ಕಂಡಿಕೆ ಅಂತ ನೂಲು ಸುತ್ತಿದ ಸಣ್ಣ ಕಡ್ಡಿ ಇರುತ್ತದೆ. ಅದರ ನೂಲು ಮುಗಿದರೆ ಮಗ್ಗ ತಾನೇ ನಿಲ್ಲುತ್ತದೆ, ಬೇರೆ ಕಂಡಿಕೆ ಹಾಕಿ ಓಡಿಸಬೇಕು. ಅಂದರೆ ಒಂದು ಕಂಡಿಕೆಯೊಳಗೆ ಹಾಡು ಮುಗಿಯಬೇಕು. ನಡುವೆ ನಾವು ತಪ್ಪಿದರೆ? ಮಗ್ಗ ನಿಲ್ಲಿಸಲು ಅಕ್ಕ ಒಪ್ಪಲಿಲ್ಲ.

"ನೇಯೋದ್ನ ಮಧ್ಯದಲ್ಲಿ ನಿಲ್ಸಿದ್ರೆ ಬಟ್ಟೆ ಮ್ಯಾಲೆ ಗೆರೆ ಬೀಳ್ತದೆ. ಮದ್ವೆ ಸೀರೆ ಕಣಪ್ಪಾ ಇದು. ನೀವು ತಪ್ಪುದ್ರೆ ತಪ್ಕೊಂಡೇ ಹೋಗಿ," ಅಂದರು.

ಸುದ್ದಿ ಕೇಳಿ ಪ್ರೊಡ್ಯೂಸರಿಗೆ ಕುತೂಹಲ ಹುಟ್ಟಿತು. ಲ್ಯಾಪ್‌ಟಾಪು, ಮೈಕುಗಳು, ಅವುಗಳನ್ನೆಲ್ಲ ಕೂಡಿಸುವ ಒಂದು ಡಬ್ಬ ಕಾರಿನಲ್ಲಿ ಹಾಕಿಕೊಂಡು ಭಾನುವಾರ ಬೆಳಗ್ಗೆ ಮಾಗಡಿಗೆ ಬಂದ. ಶೆಡ್ಡಿನೊಳಗೆ ಕಾಲಿಟ್ಟವನು ಕಿವಿ ಮುಚ್ಚಿಕೊಂಡು ನಕ್ಕ. ಬಹಳ ಖುಷಿಯಲ್ಲಿದ್ದ. ಯಾಕೆ ಅಂತ ಅವನು ಬಾಯಿ ಬಿಟ್ಟಾಗ ತಿಳಿಯಿತು.

"ಸೂಪರ್ ಸೌಂಡ್ ಇದು. ಮೊದಲು ಮಗ್ಗ ಮಾತ್ರ ತಗೊಳ್ಳೋಣ, ನೀಟಾಗಿ. ಅದರಲ್ಲಿ ಒಂದು ತುಂಡು ಕಟ್ ಮಾಡಿ, ಅದೇ ಮತ್ತೆ ಮತ್ತೆ ಬರೋ ಹಾಗೆ ಲೂಪ್ ಮಾಡ್ತೀನಿ, ಪಕ್ಕಾ ಟೈಮಿಂಗ್ ಬರುತ್ತೆ. ಅದರ ಮೇಲೆ ಗಿಟಾರು, ಬೇಸು. ಡ್ರಮ್ಸ್ ಬೇಕೋ ಬೇಡ್ವೋ ಸ್ಟುಡಿಯೋದಲ್ಲಿ ನೋಡೋಣ."

ಪಿತ್ತ ನೆತ್ತಿಗೇರಿತು. ಮಗ್ಗವನ್ನು ಹುಡುಕಿಕೊಟ್ಟದ್ದು ನನ್ನ ತಪ್ಪು ಏಟು. ಈಗ ಮಗ್ಗ ಬೇಕು, ಏಟು ಬೇಡ. ಅದರ ಒಂದು ತುಂಡು ಕತ್ತರಿಸಿ ಗೆರೆಯ ಮೇಲೆ ಕೂರಿಸಿದರೆ ಜಾರುವ ಬೆಲ್ಟೂ ಇಲ್ಲ, ಕೂಡುವುದೂ ಇಲ್ಲ, ಅಗಲುವುದೂ ಇಲ್ಲ. ಮಗ್ಗಕ್ಕೂ ನನ್ನ ಗತಿಯೇ. ಕೈಯಲ್ಲಿದ್ದ ಕೋಲನ್ನು ಅವನ ಲ್ಯಾಪ್‌ಟಾಪಿನ ಮೇಲೆ ಎಸೆಯುವುದೊಂದು ಬಾಕಿ. ನಾನು ಬಾಯಿ ತೆರೆಯುವ ಮೊದಲೇ ಬೇಸಿನವನು ಎದ್ದ.

ಮೂಲೆಗೆ ಹೋಗಿ ನನ್ನ ಕಿಕ್ ಡ್ರಮ್ಮನ್ನು ಎತ್ತಿ ತಂದು ಎರಡು ಮಗ್ಗಗಳ ನಡುವಿನ ಓಡಾಡುವ ಜಾಗದಲ್ಲಿ ಇಟ್ಟ. ಹಿಂದೆಯೇ ಸ್ನೇರು ತಂದ. ಆಮೇಲೆ ಕುರ್ಚಿ.

"ಅಯ್ಯೋ, ಅಲ್ಲಿ ಬೇಡ," ಅಂದ ಪ್ರೊಡ್ಯೂಸರ್. "ಅಲ್ಲಿಟ್ರೆ ಮಗ್ಗದ ಮೈಕಿನಲ್ಲೆಲ್ಲ ಡ್ರಮ್ಸ್ ತುಂಬ್ಕೊಳ್ಳುತ್ತೆ. ಆಮೇಲೆ ಒಂದರಿಂದ ಒಂದನ್ನ ಬೇರೆ ಮಾಡೋಕೇ ಆಗಲ್ಲ."

"ಅದಕ್ಕೇ ಸಾರ್," ಅಂದ ಬೇಸಿನವನು.

ಪ್ರೊಡ್ಯೂಸರ್ ಹಾಡುವವನ ಕಡೆ ನೋಡಿದ. ಬಸ್ಸಿನಲ್ಲಿ ಕಿಟಕಿಯಾಚೆ ನೋಡಿದ್ದವನು ಈ ಸಲ ಎದುರಿಗೇ ನೋಡಿದ. "ಅಲ್ಲೇ ಇರ್ಲಿ," ಅಂದ. ಪ್ರೊಡ್ಯೂಸರ್ ಅಕ್ಕನ ಕಡೆ ತಿರುಗಿ, ಮಗ್ಗ ಮಾತ್ರ ಸ್ವಲ್ಪ ಹೊತ್ತು ಓಡಿಸಿ ಮೇಡಂ, ಅಂತ ಕೇಳಿದ. ಅಕ್ಕ ಕಂಡಿಕೆ ಹಾಕುತ್ತಿದ್ದವರು ತಲೆ ಎತ್ತಿದರು.

"ಹುಡುಗ್ರು ನುಡ್ಸಿದ್ರೆ ಮಗ್ಗ ಓಡ್ತದೆ. ಬರೀ ಸದ್ದು ಹಿಡ್ಯಕ್ಕೆ ಓಡ್ಸಲ್ಲ."

ಹಾಗೆಂದವರೇ ನನ್ನನ್ನೂ ಬಿಡಲಿಲ್ಲ. ಲಾಳಿ ಒಂದೊಂದು ಸಲ ಮಗ್ಗದಿಂದ ಹೊರಗೆ ಹಾರುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಯಿತು ಅಂತ ಬೈದು, ನನ್ನ ಎರಡೂ ಪಕ್ಕಕ್ಕೆ ದಪ್ಪ ಗೋಣಿತಾಟು ಕಟ್ಟಿಸಿದರು. ಮಗ್ಗದ ಅದುರಾಟಕ್ಕೆ ಕಿಕ್ ಡ್ರಮ್ಮು ಸಿಮೆಂಟಿನ ಮೇಲೆ ನಡೆದುಕೊಂಡು ಹೋಗುತ್ತಿತ್ತು. ಮುಂದೆ ಇಟ್ಟಿಗೆ ಇಟ್ಟೆವು. ಪ್ರೊಡ್ಯೂಸರ್ ಮುಖ ಊದಿಸಿಕೊಂಡೇ ಮೈಕುಗಳನ್ನು ನಿಲ್ಲಿಸಿದ, ಆದರೆ ಕೆಲಸದಲ್ಲಿ ಮೋಸ ಮಾಡಲಿಲ್ಲ. ಒಂದೊಂದು ಮೈಕನ್ನೂ ಬಗ್ಗಿ, ಕೂತು, ಸರಿಸಿ, ಮತ್ತೆ ಸರಿಸಿ ಇಟ್ಟ. ಅಷ್ಟರ ಮಟ್ಟಿಗೆ ಅವನನ್ನು ಬೈಯುವಂತಿಲ್ಲ.

ಮೊದಲ ಸಲ ಎರಡನೇ ಪಲ್ಲವಿಯ ಹೊತ್ತಿಗೆ ಉದ್ದಕ್ಕೆ ಬಿಗಿದ ಹಾಸಿನ ಎಳೆ ಕಿತ್ತು ಹೊಸ ಮಗ್ಗ ನಿಂತಿತು. ಅಕ್ಕ ಎಳೆ ಹುಡುಕಿ ಗಂಟು ಹಾಕುವವರೆಗೂ ಎಲ್ಲರೂ ಬೆವರುತ್ತಾ ಕೂತೆವು. ಎರಡನೇ ಸಲ ವೋಲ್ಟೇಜು ಇಳಿಯಿತು. ಮಗ್ಗಗಳು ಏರು ಹತ್ತುವ ಲಾರಿಯ ಹಾಗೆ ಮಂದವಾದವು, ಅವುಗಳ ಜೊತೆ ನಾವೂ ಮಂದವಾದೆವು, ಹಾಡುವವನು ನಗುತ್ತಲೇ ಹಾಡಿದ, ಕೊನೆಗೆ ಮೋಟಾರು ಸುಡುತ್ತದೆ ಅಂತ ಅಕ್ಕನೇ ಸ್ವಿಚ್ಚು ಆರಿಸಿದರು. ಗೆರೆ ಬಿತ್ತು ನೋಡಿ, ನಿಮ್ಮ ಯೋಗ್ಯತೆಗೆ, ಅಂತ ನಮ್ಮನ್ನೇ ಬೈದರು. ಆಮೇಲೆ ತುಂಬಾ ಹೊತ್ತು ಕರೆಂಟೇ ಇಲ್ಲ. ಪ್ರೊಡ್ಯೂಸರ್ ಗಡಿಯಾರ ನೋಡಿಕೊಂಡ. ನಾನು ಗೋಣಿತಾಟಿನ ನಡುವೆಯೇ ಕೂತಿದ್ದೆ. ಎದ್ದರೆ ಯಾರಾದರೂ ಡ್ರಮ್ಮು ಸರಿಸಿಬಿಡುತ್ತಾರೆ ಅನ್ನುವ ಹೆದರಿಕೆ.

ಕರೆಂಟು ಬಂದಾಗ ಅಕ್ಕ ಎರಡು ಲಾಳಿಗೂ ತುಂಬಿದ ಕಂಡಿಕೆ ಹಾಕಿ, "ಇದೊಂದು ಸಲ. ಆಮ್ಯಾಕೆ ನನ್ನ ಕೆಲ್ಸ ನನಗೆ ಬುಡಿ," ಅಂದರು.

ಆ ಸಲದ್ದರ ಬಗ್ಗೆ ಹೇಳುವುದು ಕಷ್ಟ. ಎಡಕ್ಕೊಂದು ಮಗ್ಗ, ಬಲಕ್ಕೊಂದು ಮಗ್ಗ, ಮೂಗಿನ ತುಂಬ ನೂಲಿನ ಧೂಳು. ಸೂಪರ್‌ವೈಸರನ ಮುಖ, ಕಬ್ಬಿಣದ ಕೈ, ಪರದೆಯ ಗೆರೆಗಳು, ಎಲ್ಲದರ ಮೇಲೂ ಹೊಡೆದೆ. ಆದರೆ ಒಂದು ಏಟನ್ನೂ ಅವಸರದಲ್ಲಿ ಹೊಡೆಯಲಿಲ್ಲ. ಹಳೇ ಮಗ್ಗ ಹೇಳಲಿ ಅಂತ ಕಾದು, ಅದು ಹೇಳಿದ ಮೇಲೇ ಹೊಡೆದೆ. ಎರಡೂ ಕೂಡಿದಾಗ ಹಾಡುವವನು ಬಾಯಿ ತೆರೆದ, ಅಗಲಿದಾಗ ಬೇಸಿನವನು ಒಬ್ಬನೇ ನಡೆದ. ಅವನು ಕಣ್ಣು ನನ್ನ ಕೋಲಿನ ಮೇಲೇ ಇಟ್ಟಿದ್ದ. ಮೊದಲು ಹೊಸ ಮಗ್ಗದ ನೂಲು ಮುಗಿದು ಅದು ನಿಂತಿತು. ಹಳೇದೊಂದೇ ಖಟಕ್, ಖಟಕ್ ಅನ್ನುತ್ತಾ ಸ್ವಲ್ಪ ದೂರ ಬಂತು. ಗಿಟಾರು ಬಿಟ್ಟಿತು, ಬೇಸು ಬಿಟ್ಟಿತು. ಆಮೇಲೆ ಹಳೇ ಮಗ್ಗವೂ ಕೊನೆಯ ಖಟಕ್ ಅಂದು ನಿಂತಿತು.

ಅದರ ಹಿಂದೆ ನನ್ನ ಏಟು ಬಿತ್ತು, ಒಂಟಿಯಾಗಿ. ಶೆಡ್ಡಿನಲ್ಲಿ ಇನ್ಯಾವ ಸದ್ದೂ ಇರಲಿಲ್ಲ. ನಾನು ಎಷ್ಟು ತಡ ಅನ್ನುವುದು ಜೀವಮಾನದಲ್ಲಿ ಮೊದಲ ಸಲ ಎಲ್ಲರಿಗೂ ಬರಿಗಿವಿಗೆ ಕೇಳಿಸಿತು. ಪ್ರೊಡ್ಯೂಸರ್ ಕೂಡ ತಲೆ ಎತ್ತಿ ನೋಡಿದ.

ಒಂದು ತಿಂಗಳಾದ ಮೇಲೆ ಅವನು ಹಾಡುವವನಿಗೆ ಫೋನ್ ಮಾಡಿದ. ಬಸ್ಸು ರಾಮನಗರ ರಸ್ತೆಯಲ್ಲಿ ಪಕ್ಕಕ್ಕೆ ನಿಂತಿತ್ತಂತೆ, ಹಿಂದೆ ಶಿಫ್ಟಿನ ಜನ ಕೂಗಾಡುತ್ತಿದ್ದರಂತೆ. ಪ್ರೊಡ್ಯೂಸರ್ ಡ್ರಮ್ಮಿನ ಮೈಕುಗಳ ಸದ್ದನ್ನೆಲ್ಲ ಮುಚ್ಚಿ ನೋಡಿದನಂತೆ, ಮಗ್ಗದ ಮೈಕಿನಲ್ಲಿ ನಾನು ಅಷ್ಟೇ ಜೋರಾಗಿದ್ದೆನಂತೆ. ಹಾಡುವವನ ಮೈಕಿನಲ್ಲೂ ಇದ್ದೆನಂತೆ. "ಎಲ್ಲಿ ತೆರೆದ್ರೂ ಆ ಹುಡುಗ ಇದಾನೆ ಮಾರಾಯಾ. ಅವನನ್ನ ತೆಗೀಬೇಕಂದ್ರೆ ಮಗ್ಗ ತೆಗೀಬೇಕು, ಮಗ್ಗ ತೆಗೆದ್ರೆ ಹಾಡೇ ಇಲ್ಲ," ಅಂದನಂತೆ. ಆಲ್ಬಂ ಮಾಡೋಣ ಅಂತಲೂ ಅಂದ. ಹಾಡುವವನು ಇದನ್ನು ಹೇಳುವಾಗ ನಾನು ಒಂದು ಡಬ್ಬದ ಮೇಲೆ ಕೂತಿದ್ದೆ. ಎದ್ದು ಆ ಡಬ್ಬವನ್ನು ಒದ್ದೆ. ಅದು ಖುಷಿಗೆ.

ಮಿಕ್ಕ ಹಾಡುಗಳನ್ನೂ ಮಾಡಿ, ಸಿ.ಡಿ. ಅಚ್ಚಾಗಿ ಬಂದ ದಿನ ಶೆಡ್ಡಿನಲ್ಲೇ ಕೇಳಿದೆವು. ಅಕ್ಕ ಕಂಡಿಕೆ ಮುಗಿಯುವವರೆಗೂ ಕಾಯಿಸಿ, ಎರಡೂ ಮಗ್ಗ ನಿಂತ ಮೇಲೆ ಬಂದು ಕೂತರು. ಮೊದಲ ಹಾಡು ನಾವು ನುಡಿಸಿದ ಹಾಗೇ ಇತ್ತು. ಮಗ್ಗಗಳು ಕೂಡಿದವು, ಅಗಲಿದವು. ಶುರುವಿನಿಂದಲೂ ನಾನಿದ್ದೆ, ಕೂದಲೆಳೆಯಷ್ಟು ಹಿಂದೆ. ಹೊಸ ಮಗ್ಗ ನಿಂತಿತು. ಹಳೇದು ಸ್ವಲ್ಪ ದೂರ ಬಂತು. ಕೊನೆಯ ಖಟಕ್.

ಅಷ್ಟೇ. ಅಲ್ಲಿಗೆ ಹಾಡು ಮುಗಿದಿತ್ತು.

ಇಡೀ ಹಾಡಿನಲ್ಲಿ ನಾನು ಮಗ್ಗಕ್ಕೆ ಅಂಟಿಕೊಳ್ಳದೆ ಒಂಟಿಯಾಗಿದ್ದದ್ದು ಆ ಕೊನೆಯ ಒಂದು ಏಟಿನಲ್ಲಿ. ಕತ್ತರಿ ಹಾಕಲು ಬರುತ್ತಿದ್ದದ್ದು ಅದೊಂದಕ್ಕೇ. ಪ್ರೊಡ್ಯೂಸರ್ ಹಾಕಿದ್ದ. ತಪ್ಪು ಅಂತ ಹಾಕಿದನೋ, ಸೇಡಿಗೆ ಹಾಕಿದನೋ, ನಾನು ಕೇಳಲಿಲ್ಲ. ಕೇಳಿದ್ದರೆ ಅವನ ಕುತ್ತಿಗೆ ಹಿಡಿದೇ ಕೇಳಬೇಕಾಗಿತ್ತು. ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಮುಖ ನೋಡಿದರು.

ಬೇಸಿನವನು ಎದ್ದು ಸಿ.ಡಿ.ಯಲ್ಲಿ ಹಾಡನ್ನು ಸ್ವಲ್ಪ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಆಮೇಲೆ ನನ್ನ ಪಕ್ಕದಿಂದ ಒಂದು ಕೋಲು ತೆಗೆದುಕೊಂಡು ಸ್ನೇರಿನ ಮುಂದೆ ಹೋಗಿ ನಿಂತ. ಸಿ.ಡಿ.ಯಲ್ಲಿ ಹೊಸ ಮಗ್ಗ ನಿಂತಿತು, ಹಳೇದು ಒಂಟಿಯಾಗಿ ನಡೆದು ಬಂತು, ಕೊನೆಯ ಖಟಕ್ ಅಂದಿತು. ಅವನು ಕಾದ. ಕಾದು, ಒಂದೇ ಒಂದು ಏಟು ಹೊಡೆದ, ಸರಿಯಾಗಿ ನನ್ನಷ್ಟೇ ತಡವಾಗಿ.

ಕೋಲು ತಂದು ನನ್ನ ಕೈಗೆ ಕೊಟ್ಟ. ನಾನು ಇಸಿದುಕೊಂಡೆ. ಅಕ್ಕ ಎದ್ದು ಹೋಗಿ ಮಗ್ಗಕ್ಕೆ ಕಂಡಿಕೆ ಹಾಕಿದರು.